ಓಝೋನ್ ಸವೆದಾಗ ಗಾಳಿ ಏಕೆ ದಾರಿ ಬದಲಿಸಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಓಝೋನ್ ಕುರಿತು ಮಾತನಾಡಿದ ಕಡೆ, ಬರೆದ ಲೇಖನಗಳಿಗೆ ಬಂದ ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಭಾಗಕ್ಕೆ ಶಾಲೆಯಲ್ಲಿ ಕಲಿತ ಭೂಗೋಳ ಸಾಕು. ಹವಾಗುಣ ಮಾದರಿಗಳ, ಎಂದರೆ ವಾತಾವರಣದ ನಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವ ಪ್ರೋಗ್ರಾಂಗಳ ವಿವರ ಬೇಕಾದವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪಾಠ

ಓಝೋನ್ ತೂತು ಎಂದರೆ ಚರ್ಮದ ಕ್ಯಾನ್ಸರ್ ವಿಷಯ ಅಲ್ಲವೇ? ಗಾಳಿಗೂ ಅದಕ್ಕೂ ಏನು ಸಂಬಂಧ?

ಚರ್ಮದ ಮಾತೂ ನಿಜವೇ. ಆದರೆ ಓಝೋನ್ ನೇರಳಾತೀತ ಕಿರಣಗಳನ್ನು ತಡೆಯುವುದು ಅವುಗಳನ್ನು ಹೀರಿಕೊಂಡು. ಹೀರಿಕೊಂಡ ಶಕ್ತಿ ಶಾಖವಾಗಿ ಅಲ್ಲೇ ಉಳಿಯುತ್ತದೆ. ನೆಲದಿಂದ ಮೇಲೇರಿದಂತೆ ತಣ್ಣಗಾಗುತ್ತ ಹೋಗುವ ಗಾಳಿ ಸಮೋಷ್ಣ ಮಂಡಲದಲ್ಲಿ ಮತ್ತೆ ಬೆಚ್ಚಗಾಗುವುದು ಈ ಕಾರಣಕ್ಕೇ. ಓಝೋನ್ ಹೋದರೆ ಆ ಶಾಖವೂ ಹೋಯಿತು. ಒಂದು ಕಡೆ ಶಾಖ ಕಡಿಮೆಯಾದರೆ ಧ್ರುವಕ್ಕೂ ಉಷ್ಣವಲಯಕ್ಕೂ ನಡುವಿನ ಬಿಸಿ–ತಂಪಿನ ಅಂತರ ಬದಲಾಗುತ್ತದೆ. ಗಾಳಿಯನ್ನು ಓಡಿಸುವುದೇ ಆ ಅಂತರ.

20ನೇ ಶತಮಾನದ ಕೊನೆಯ ಎರಡು ದಶಕಗಳಲ್ಲಿ ದಕ್ಷಿಣ ಗೋಳಾರ್ಧದ ಬೇಸಿಗೆಯ (ಅಲ್ಲಿ ಅದು ಡಿಸೆಂಬರ್‌ನಿಂದ ಫೆಬ್ರವರಿ) ಪಶ್ಚಿಮ ಮಾರುತಗಳು ಬಲಗೊಂಡವು, ಅವುಗಳ ಪಟ್ಟಿ ಧ್ರುವದ ಕಡೆಗೆ ಸುಮಾರು ಒಂದರಿಂದ ಎರಡು ಡಿಗ್ರಿ ಸರಿಯಿತು. ಒಂದು ಡಿಗ್ರಿ ಎಂದರೆ ಹತ್ತಿರ ಹತ್ತಿರ 111 ಕಿಲೋಮೀಟರ್. ಫ್ರಿಜ್ಜು, ಏಸಿ, ಸ್ಪ್ರೇ ಡಬ್ಬಿಗಳಿಂದ ಸೋರಿದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಎಂಬ ಅನಿಲ ಓಝೋನನ್ನು ಸವೆಸಿ ಅರ್ಧ ಭೂಗೋಳದ ಗಾಳಿಯ ದಾರಿಯನ್ನೇ ಸರಿಸಿತು. ಚರ್ಮದ ಕ್ಯಾನ್ಸರ್‌ನ ಸುದ್ದಿಯಷ್ಟೇ ಇದೂ ಮನೆಮಾತಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ತೂತು ಎನ್ನುತ್ತೀರಿ. ಅಲ್ಲಿ ನಿಜವಾಗಿಯೂ ಓಝೋನ್ ಇರುವುದೇ ಇಲ್ಲವೇ?

ಒಟ್ಟು ಲೆಕ್ಕದಲ್ಲಿ ಇರುತ್ತದೆ, ಒಂದು ಎತ್ತರದಲ್ಲಿ ಮಾತ್ರ ಹೆಚ್ಚುಕಡಿಮೆ ಇರುವುದಿಲ್ಲ. ಓಝೋನನ್ನು ಡಾಬ್ಸನ್ ಘಟಕದಲ್ಲಿ ಅಳೆಯುತ್ತಾರೆ. ತಲೆಯ ಮೇಲಿನ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದು ಹರಡಿದರೆ ಮೂರು ಮಿಲಿಮೀಟರ್ ದಪ್ಪವಾಗುತ್ತದೆ ಎಂದಿಟ್ಟುಕೊಳ್ಳಿ, ಅದು 300 ಘಟಕ. 220ಕ್ಕಿಂತ ಕಡಿಮೆಯಾದ ಪ್ರದೇಶವನ್ನು ತೂತು ಎಂದು ಗುರುತಿಸುತ್ತಾರೆ. ಅಂಟಾರ್ಕ್ಟಿಕಾದಲ್ಲಿರುವ ಬ್ರಿಟಿಷರ ಹ್ಯಾಲಿ ನೆಲೆಯಲ್ಲಿ ಒಂದು ಕಾಲಕ್ಕೆ ಅಕ್ಟೋಬರ್ ತಿಂಗಳ ಸರಾಸರಿ 300ರ ಆಸುಪಾಸು ಇತ್ತು. 1984ರ ಹೊತ್ತಿಗೆ 200ಕ್ಕಿಂತ ಕೆಳಗಿಳಿಯಿತು. ಜೋಸೆಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ 1985ರ ಮೇ ತಿಂಗಳಲ್ಲಿ ಇದನ್ನು ಪ್ರಕಟಿಸಿದರು.

ಎತ್ತರದ ವಿವರ ಸಿಗುವುದು ಬಲೂನುಗಳಿಂದ. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಒಂದು ಪುಟ್ಟ ಪಂಪು, ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ತುಂಬಿದ ಎರಡು ಪುಟ್ಟ ಕೋಶಗಳು. ಪಂಪು ಹೊರಗಿನ ಗಾಳಿಯನ್ನು ದ್ರಾವಣದೊಳಗೆ ಗುಳುಗುಳು ಎನ್ನಿಸುತ್ತದೆ. ಗಾಳಿಯಲ್ಲಿ ಓಝೋನ್ ಇದ್ದರೆ ಅಯೋಡಿನ್ ಬಿಡುಗಡೆಯಾಗಿ ಸಣ್ಣ ವಿದ್ಯುತ್ ಹರಿಯುತ್ತದೆ. ಎಷ್ಟು ಓಝೋನೋ ಅಷ್ಟು ವಿದ್ಯುತ್. ಬಲೂನು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಒಡೆಯುವ ತನಕ ರೇಡಿಯೋ ಮೂಲಕ ಈ ಅಂಕಿಗಳು ಕೆಳಗೆ ಬರುತ್ತಿರುತ್ತವೆ. ಅಕ್ಟೋಬರ್‌ನಲ್ಲಿ ದಕ್ಷಿಣ ಧ್ರುವದಿಂದ ಹಾರಿಸಿದ ಬಲೂನಿನ ಗೆರೆ ನೋಡಿದರೆ, ಸುಮಾರು 14ರಿಂದ 21 ಕಿಲೋಮೀಟರ್ ನಡುವೆ, ಎಂದರೆ ಓಝೋನ್ ಅತಿ ಹೆಚ್ಚು ಇರಬೇಕಾದ ಜಾಗದಲ್ಲೇ, ಸೊನ್ನೆಗೆ ಅಂಟಿಕೊಂಡು ನಿಂತಿರುತ್ತದೆ. ಭಾರತದ ಹವಾಮಾನ ಇಲಾಖೆಯೂ ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ನೆಲೆಯಿಂದ ಇಂಥ ಬಲೂನುಗಳನ್ನು ಹಾರಿಸಿ ಅಳೆದಿದೆ.

ಸಿಎಫ್‌ಸಿ ಹೆಚ್ಚು ಬಳಸಿದವರು ಅಮೆರಿಕ, ಯುರೋಪಿನವರು. ತೂತು ಯಾಕೆ ಯಾರೂ ಇಲ್ಲದ ಅಂಟಾರ್ಕ್ಟಿಕಾದಲ್ಲಿ?

ಸಿಎಫ್‌ಸಿ ದಶಕಗಟ್ಟಲೆ ಬಾಳುವ ಅನಿಲ, ಅಷ್ಟರಲ್ಲಿ ಲೋಕವೆಲ್ಲ ಸಮನಾಗಿ ಹರಡಿಬಿಡುತ್ತದೆ. ಅದರಿಂದ ಹೊರಬಂದ ಕ್ಲೋರಿನ್ ಮಾರಕವಾಗಲು ವಿಪರೀತ ಚಳಿ ಬೇಕು. ಸುಮಾರು ಮೈನಸ್ 78 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಮೋಷ್ಣ ಮಂಡಲದಲ್ಲಿ ಮೋಡಗಳು ಹುಟ್ಟುತ್ತವೆ. ನಿರುಪದ್ರವಿ ರೂಪದಲ್ಲಿ ಬಂಧಿಯಾಗಿದ್ದ ಕ್ಲೋರಿನ್ ಆ ಮೋಡದ ಕಣಗಳ ಮೇಲೆ ಬಿಡುಗಡೆಗೆ ಸಿದ್ಧವಾಗುತ್ತದೆ. ಸೂಸನ್ ಸಾಲೊಮನ್ ಮತ್ತು ಸಂಗಡಿಗರು 1986ರಲ್ಲಿ ವಿವರಿಸಿದ್ದು ಇದನ್ನೇ. ಚಳಿಗಾಲದ ಕತ್ತಲು ಮುಗಿದು ಸೆಪ್ಟೆಂಬರ್‌ನಲ್ಲಿ ಬಿಸಿಲು ಬಿದ್ದೊಡನೆ ಓಝೋನ್ ನಾಶ ಶುರು. ಅಂಟಾರ್ಕ್ಟಿಕಾವನ್ನು ಸುತ್ತುವ ಧ್ರುವ ಸುಳಿಗಾಳಿ ಆ ತಂಪು ಗಾಳಿಯನ್ನು ಹೊರಗಿನದರೊಡನೆ ಬೆರೆಯಲು ಬಿಡುವುದಿಲ್ಲ. ಹಾಗಾಗಿ ತೂತಿಗೆ ಜಾಗ, ಕಾಲ ಎರಡೂ ಗೊತ್ತಾದವು.

ಉತ್ತರ ಧ್ರುವದಲ್ಲಿ ಹೀಗೇಕೆ ಆಗಲಿಲ್ಲ?

ಹಿಮಾಲಯ, ರಾಕಿ ಪರ್ವತಗಳು, ಭೂಮಿ–ಸಮುದ್ರಗಳ ಅಂಕುಡೊಂಕು, ಇವೆಲ್ಲ ಉತ್ತರದಲ್ಲಿ ದೊಡ್ಡ ವಾಯು ಅಲೆಗಳನ್ನು ಮೇಲಕ್ಕೆ ಕಳಿಸಿ ಸುಳಿಗಾಳಿಯನ್ನು ಕದಡುತ್ತವೆ, ಬೆಚ್ಚಗಿಡುತ್ತವೆ. 2011 ಮತ್ತು 2020ರ ವಸಂತದಲ್ಲಿ ಮಾತ್ರ ಅಲ್ಲೂ ದೊಡ್ಡ ನಷ್ಟವಾಯಿತು.

ನಮ್ಮ ಮುಂಗಾರಿಗೆ ಇದರಿಂದ ತೊಂದರೆ ಇದೆಯೇ?

ಮುಂಗಾರು ಜೂನ್‌ನಿಂದ ಸೆಪ್ಟೆಂಬರ್ ತನಕ. ಓಝೋನ್ ತೂತಿನ ಪರಿಣಾಮ ನೆಲಮಟ್ಟದ ಗಾಳಿಯಲ್ಲಿ ಕಾಣುವುದು ಡಿಸೆಂಬರ್‌ನಿಂದ ಫೆಬ್ರವರಿಯಲ್ಲಿ, ಅದೂ ದಕ್ಷಿಣ ಗೋಳಾರ್ಧದಲ್ಲಿ. ನಮ್ಮ ಉಷ್ಣವಲಯದ ಮೇಲಿನ ಒಟ್ಟು ಓಝೋನ್ ಹೆಚ್ಚು ಬದಲಾಗಿಯೂ ಇಲ್ಲ. ಕರ್ನಾಟಕದ ಮಳೆಯ ಏರುಪೇರಿಗೆ ಓಝೋನ್ ತೂತನ್ನು ದೂರುವ ಬರಹ ಕಂಡರೆ ನಂಬಬೇಡಿ.

## ಗಾಳಿ ಬದಲಾದ ಬಗೆ

ಮೇಲೆ ತಣ್ಣಗಾದರೆ ಗಾಳಿ ನಿಲ್ಲಬೇಕಲ್ಲ, ಜೋರಾಗುವುದು ಹೇಗೆ?

ಭೂಮಿ ತಿರುಗುತ್ತಿರುವುದರಿಂದ ದೊಡ್ಡ ಪ್ರಮಾಣದ ಗಾಳಿ ಬಿಸಿಯಿಂದ ತಂಪಿನ ಕಡೆಗೆ ನೇರವಾಗಿ ಹರಿಯುವುದಿಲ್ಲ, ಅವೆರಡರ ಗಡಿಯುದ್ದಕ್ಕೂ ಅಡ್ಡವಾಗಿ ಬೀಸುತ್ತದೆ. ಧ್ರುವದ ಕಡೆ ತಂಪು, ಉಷ್ಣವಲಯದ ಕಡೆ ಬಿಸಿ ಇರುವಲ್ಲಿ ಎತ್ತರಕ್ಕೆ ಹೋದಂತೆ ಪಶ್ಚಿಮ ಮಾರುತ ಬಲವಾಗುತ್ತ ಹೋಗುತ್ತದೆ. ಅಂತರ ಹೆಚ್ಚಿದಷ್ಟೂ ಗಾಳಿಗೆ ಬಲ. ಓಝೋನ್ ಕಳೆದುಕೊಂಡ ಧ್ರುವದ ಗಾಳಿ ವಸಂತದಲ್ಲಿ ಎಷ್ಟೋ ಡಿಗ್ರಿ ಹೆಚ್ಚು ತಣ್ಣಗಾಯಿತು, 60 ಡಿಗ್ರಿ ದಕ್ಷಿಣದ ಆಸುಪಾಸಿನಲ್ಲಿ ಸಮೋಷ್ಣ ಮಂಡಲದ ಗಾಳಿಯ ವೇಗ ಏರಿತು. ವಸಂತದ ಕೊನೆಗೆ ಒಡೆದುಹೋಗಬೇಕಾದ ಸುಳಿಗಾಳಿ ಸುಮಾರು ಎರಡು ವಾರ ಹೆಚ್ಚು ಕಾಲ ನಿಲ್ಲತೊಡಗಿತು.

ತೂತು ದೊಡ್ಡದಾಗುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ನೆಲದ ಗಾಳಿ ಬದಲಾಗುವುದು ಡಿಸೆಂಬರ್–ಜನವರಿಯಲ್ಲಿ. ಈ ತಡ ಯಾಕೆ?

ಅಕ್ಟೋಬರ್‌ನಲ್ಲಿ ಧ್ರುವದ ಸೂರ್ಯ ಇನ್ನೂ ತಗ್ಗಿನಲ್ಲಿರುತ್ತಾನೆ. ಓಝೋನ್ ಇದ್ದಿದ್ದರೂ ಆಗ ಹೆಚ್ಚು ಶಾಖ ಸಿಗುತ್ತಿರಲಿಲ್ಲ. ನವೆಂಬರ್‌ನಲ್ಲಿ ಬಿಸಿಲು ಏರಿದಾಗ ಓಝೋನ್ ಇಲ್ಲದ ಕೊರತೆ ಚೆನ್ನಾಗಿ ತಟ್ಟುತ್ತದೆ. ತಂಪು ಆಗಲೇ ಅತಿ ಹೆಚ್ಚು. ಆ ಸ್ಥಿತಿ ನಿಧಾನವಾಗಿ ಕೆಳಗಿಳಿದು ಪರಿವರ್ತನ ಮಂಡಲವನ್ನು ಮುಟ್ಟುವಷ್ಟರಲ್ಲಿ ಅಲ್ಲಿ ಬೇಸಿಗೆ ಬಂದಿರುತ್ತದೆ.

ಹದಿನೈದು ಕಿಲೋಮೀಟರ್ ಮೇಲೆ ಆದದ್ದು ನೆಲಕ್ಕೆ ಹೇಗೆ ಇಳಿಯಿತು?

ಈ ವಿಷಯದಲ್ಲಿ ಅತಿ ಕಠಿಣ ಪ್ರಶ್ನೆ ಇದು, ವಿಜ್ಞಾನಿಗಳ ನಡುವೆ ಚರ್ಚೆ ಇನ್ನೂ ಮುಗಿದಿಲ್ಲ. ಸಮೋಷ್ಣ ಮಂಡಲದಲ್ಲಿ ಗಾಳಿ ತೆಳು, ಅದರ ತೂಕ ಕಡಿಮೆ. ನೇರವಾಗಿ ಒತ್ತಿ ಕೆಳಗಿನ ಭಾರೀ ಗಾಳಿಯನ್ನು ಸರಿಸುವ ಶಕ್ತಿ ಅದಕ್ಕಿಲ್ಲ. ಕೆಳಗೆ ನಿಜವಾಗಿ ಕೆಲಸ ಮಾಡುವುದು ಮಧ್ಯ ಅಕ್ಷಾಂಶಗಳ ಚಂಡಮಾರುತಗಳು, ಎಂದರೆ ದಿನಬೆಳಗಾದರೆ ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಸಾಗುವ ಸುಳಿಗಳು. ಅವು ಹೊತ್ತು ತರುವ ವೇಗವೇ ಜೆಟ್ ವಾಯುಪ್ರವಾಹವನ್ನು, ಎಂದರೆ ಕಿರಿದಾದ ಪಟ್ಟಿಯಲ್ಲಿ ವೇಗವಾಗಿ ಬೀಸುವ ಪಶ್ಚಿಮ ಮಾರುತವನ್ನು, ಅದರ ಜಾಗದಲ್ಲಿ ಹಿಡಿದು ನಿಲ್ಲಿಸಿರುವುದು. ಮೇಲಿನ ಗಾಳಿ ಬದಲಾದಾಗ ಈ ಸುಳಿಗಳು ಸಾಗುವ ವೇಗ, ಅವು ಒಡೆದು ಕರಗುವ ಜಾಗ ಸ್ವಲ್ಪ ಬದಲಾಗುತ್ತವೆ. ಜೆಟ್ ಕೊಂಚ ಸರಿದರೆ ಸುಳಿಗಳೂ ಅದರ ಹಿಂದೆ ಸರಿಯುತ್ತವೆ, ಸರಿದ ಸುಳಿಗಳು ಜೆಟ್ಟನ್ನು ಇನ್ನಷ್ಟು ಅತ್ತ ಎಳೆಯುತ್ತವೆ. ಮೇಲಿನಿಂದ ಬಂದ ಸಣ್ಣ ತಳ್ಳು ಹೀಗೆ ಕೆಳಗೆ ದೊಡ್ಡದಾಗುತ್ತದೆ.

2002ರಲ್ಲಿ ಲೊರೆಂಜೊ ಪೊಲ್ವಾನಿ ಮತ್ತು ಪಾಲ್ ಕುಶ್ನರ್ ಒಂದು ಸರಳ ಮಾದರಿಯಲ್ಲಿ ಇದನ್ನು ತೋರಿಸಿದರು. ಅದರಲ್ಲಿ ಮೋಡವಿಲ್ಲ, ಮಳೆಯಿಲ್ಲ, ರಸಾಯನವಿಲ್ಲ, ತಿರುಗುವ ಗೋಳದ ಮೇಲೆ ಒಣ ಗಾಳಿ ಮಾತ್ರ. ಧ್ರುವದ ಸಮೋಷ್ಣ ಮಂಡಲವನ್ನು ತಂಪು ಮಾಡಿದರೆ ಸಾಕು, ಕೆಳಗಿನ ಜೆಟ್ ಧ್ರುವದ ಕಡೆಗೆ ಸರಿಯಿತು. ಮೂಲಕಾರಣ ಗಾಳಿಯ ಚಲನೆಯಲ್ಲೇ ಇದೆ ಎಂಬುದಕ್ಕೆ ಇಷ್ಟು ಶುದ್ಧವಾದ ಪುರಾವೆ ನನಗೆ ಬೇರೆ ಕಾಣುವುದಿಲ್ಲ.

ಗಾಳಿ ಸರಿದರೆ ಯಾರಿಗೆ ಏನಾಯಿತು?

ಈ ಬದಲಾವಣೆಯನ್ನು ದಕ್ಷಿಣ ವಲಯ ಸೂಚ್ಯಂಕ ಎಂಬ ಅಳತೆಯಿಂದ ನೋಡುತ್ತಾರೆ. ಅಂಟಾರ್ಕ್ಟಿಕಾದ ಮೇಲಿನ ಒತ್ತಡ ಇಳಿದು ಮಧ್ಯ ಅಕ್ಷಾಂಶಗಳಲ್ಲಿ ಏರಿದರೆ ಅದು ಧನಾತ್ಮಕ. ಓಝೋನ್ ಸವೆದ ದಶಕಗಳಲ್ಲಿ ಬೇಸಿಗೆಯ ಸೂಚ್ಯಂಕ ಧನಾತ್ಮಕ ದಿಕ್ಕಿಗೇ ಏರುತ್ತಿತ್ತು. ಆಗ್ನೇಯ ದಕ್ಷಿಣ ಅಮೆರಿಕದಲ್ಲಿ ಬೇಸಿಗೆ ಮಳೆ ಹೆಚ್ಚಾದುದರಲ್ಲಿ ಓಝೋನ್‌ನ ಪಾಲಿದೆ ಎಂದು ಮಾದರಿಗಳು ಹೇಳುತ್ತವೆ. ಸೂಚ್ಯಂಕ ಧನಾತ್ಮಕವಾದ ಬೇಸಿಗೆಗಳಲ್ಲಿ ಪೂರ್ವ ಆಸ್ಟ್ರೇಲಿಯಾಕ್ಕೆ ಮಳೆ ಹೆಚ್ಚು, ಪಶ್ಚಿಮ ಟಾಸ್ಮೇನಿಯಾಕ್ಕೆ ಕಡಿಮೆ. ಅಂಟಾರ್ಕ್ಟಿಕಾದ ಪರ್ಯಾಯದ್ವೀಪದ ಮೇಲೆ ಬಲವಾದ ಪಶ್ಚಿಮ ಮಾರುತ ಸಮುದ್ರದ ಬೆಚ್ಚನೆ ಗಾಳಿಯನ್ನು ತಂದು ಸುರಿಯಿತು. ಖಂಡದ ಪೂರ್ವ ಭಾಗ ಅದೇ ಹೊತ್ತಿಗೆ ಕೊಂಚ ತಣ್ಣಗಾಯಿತು. ಭೂಮಿ ಬಿಸಿಯಾಗುತ್ತಿದ್ದರೆ ಅಂಟಾರ್ಕ್ಟಿಕಾ ಏಕೆ ತಣ್ಣಗಾಗಬೇಕು ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ. ಡೇವಿಡ್ ಥಾಮ್ಸನ್ ಮತ್ತು ಸೂಸನ್ ಸಾಲೊಮನ್ 2002ರಲ್ಲಿ ಬರೆದ ಪ್ರಬಂಧದಲ್ಲಿ ಈ ಎಳೆಗಳನ್ನೆಲ್ಲ ಒಟ್ಟಿಗೆ ಹೆಣೆದಿದ್ದಾರೆ.

## ಮಾದರಿಗಳ ಒಳಗೆ

ಇಂಗಾಲದ ಡೈಆಕ್ಸೈಡ್ ಕೂಡ ಏರುತ್ತಿತ್ತಲ್ಲ. ಇದು ಓಝೋನ್‌ನಿಂದಲೇ ಆಯಿತು ಎಂದು ಹೇಗೆ ಹೇಳುತ್ತೀರಿ?

ಮಾದರಿಯ ನಿಜವಾದ ಉಪಯೋಗ ಇಲ್ಲಿ. ಭೂಮಿಯ ಮೇಲೆ ಎರಡೂ ಒಟ್ಟಿಗೆ ನಡೆದವು, ಬೇರ್ಪಡಿಸಲು ಬರುವುದಿಲ್ಲ. ಮಾದರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಸ್ಥಿರವಾಗಿಟ್ಟು ಓಝೋನ್ ಮಾತ್ರ ಕಡಿಮೆ ಮಾಡಿ ಓಡಿಸಬಹುದು, ಮತ್ತೆ ಅದನ್ನೇ ತಿರುವುಮುರುವು ಮಾಡಬಹುದು. ನೇಥನ್ ಗಿಲೆಟ್ ಮತ್ತು ಥಾಮ್ಸನ್ 2003ರಲ್ಲಿ ಓಝೋನ್ ಮಾತ್ರ ಬದಲಿಸಿ ಓಡಿಸಿದಾಗ, ವೀಕ್ಷಣೆಯಲ್ಲಿ ಕಂಡ ವಸಂತದ ತಂಪು, ಬೇಸಿಗೆಯ ಗಾಳಿಯ ಬದಲಾವಣೆ, ಅವುಗಳ ನಡುವಿನ ತಡ ಎಲ್ಲವೂ ಮಾದರಿಯಲ್ಲಿ ಮೂಡಿದವು.

ಋತುವೂ ಸಾಕ್ಷಿ ಹೇಳುತ್ತದೆ. ಹಸಿರುಮನೆ ಅನಿಲಗಳ ಪ್ರಭಾವ ವರ್ಷವಿಡೀ ಇರುತ್ತದೆ. ಓಝೋನ್‌ನದು ಬೇಸಿಗೆಗೆ ಸೀಮಿತ. 20ನೇ ಶತಮಾನದ ಕೊನೆಯಲ್ಲಿ ಬದಲಾವಣೆ ಎದ್ದುಕಂಡದ್ದು ಬೇಸಿಗೆಯಲ್ಲೇ.

ಮಾದರಿಯೊಳಗೆ ಓಝೋನನ್ನು ಹೇಗೆ ಹಾಕುತ್ತಾರೆ?

ಎರಡು ದಾರಿ. ಒಂದು, ಮಾದರಿಯೇ ರಸಾಯನ ಕ್ರಿಯೆಗಳನ್ನೆಲ್ಲ ಲೆಕ್ಕಹಾಕಿ ಓಝೋನ್ ಹುಟ್ಟಿಸಿ, ನಾಶಮಾಡಿ, ಗಾಳಿಯಲ್ಲಿ ಸಾಗಿಸುವುದು. ಇದಕ್ಕೆ ಕಂಪ್ಯೂಟರ್ ಸಮಯ ವಿಪರೀತ ಬೇಕು. ಇನ್ನೊಂದು, ಮೊದಲೇ ಸಿದ್ಧಪಡಿಸಿದ ಓಝೋನ್ ಕಡತವನ್ನು ಮಾದರಿಗೆ ಓದಿಸುವುದು. ಹಲವು ಮಾದರಿಗಳು ಹಿಡಿದಿರುವುದು ಈ ಎರಡನೆಯ ದಾರಿ.

ಆ ಕಡತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಗಾಳಿಯ ಎಷ್ಟೋ ತಪ್ಪುಗಳು ಅಲ್ಲೇ ಹುಟ್ಟುತ್ತವೆ. ಪ್ರತಿ ಅಕ್ಷಾಂಶಕ್ಕೆ, ಪ್ರತಿ ಎತ್ತರಕ್ಕೆ, ತಿಂಗಳಿಗೊಂದು ಸರಾಸರಿ ಸಂಖ್ಯೆ. ಮಾದರಿಗೆ ಬೇಕಾದದ್ದು ಪ್ರತಿ ದಿನದ ಬೆಲೆ. ಅದು ತಿಂಗಳ ಸಂಖ್ಯೆಯನ್ನು ತಿಂಗಳ ನಡುವಿನ ದಿನಕ್ಕೆ ಕೂರಿಸಿ, ಮುಂದಿನ ತಿಂಗಳಿನ ಬಿಂದುವಿಗೆ ನೇರ ಗೆರೆ ಎಳೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಓಝೋನ್ ವೇಗವಾಗಿ ಕುಸಿದು ಅಕ್ಟೋಬರ್ ಹೊತ್ತಿಗೆ ತಳ ಮುಟ್ಟುತ್ತದೆ. ನೇರ ಗೆರೆಗಳು ಆ ತಳವನ್ನು ಕತ್ತರಿಸಿಬಿಡುತ್ತವೆ. ಮಾದರಿಗೆ ಸಿಗುವ ತೂತು ನಿಜದ ತೂತಿಗಿಂತ ಆಳ ಕಡಿಮೆ. ದಿನದಿನದ ಓಝೋನ್ ಕೊಟ್ಟು ಓಡಿಸಿದರೆ ತಂಪೂ ಹೆಚ್ಚು, ಗಾಳಿಯ ಬದಲಾವಣೆಯೂ ಹೆಚ್ಚು.

ರೇಖಾಂಶದ ಸಮಸ್ಯೆಯೂ ಇದೆ. ನಿಜವಾದ ತೂತು ಧ್ರುವದ ಮೇಲೆ ನಟ್ಟನಡುವೆ ಕೂರುವುದಿಲ್ಲ, ಅಟ್ಲಾಂಟಿಕ್ ಕಡೆಗೆ ಜರುಗಿ, ದುಂಡಗಿರದೆ ತಿರುಗುತ್ತಿರುತ್ತದೆ. ಒಂದೇ ಅಕ್ಷಾಂಶದ ಸುತ್ತಲಿನ ಬೆಲೆಗಳನ್ನೆಲ್ಲ ಸರಾಸರಿ ಮಾಡಿದರೆ ತೂತಿನ ಒಳಗಿನದೂ ಹೊರಗಿನದೂ ಕಲಸಿಹೋಗುತ್ತವೆ. ಈ ಸರಾಸರಿ ಬಳಸಿದ ಮಾದರಿಗಳಲ್ಲೂ ತಂಪು ಕಡಿಮೆಯೇ.

ಇನ್ನೂ ಸೂಕ್ಷ್ಮವಾದ ಒಂದು ತೊಡಕು: ಮಾದರಿಯ ಸುಳಿಗಾಳಿ ಒಂದು ವರ್ಷ ಬೇಗ ಒಡೆದರೂ ಕಡತದಲ್ಲಿ ತೂತು ಹಾಗೇ ಇರುತ್ತದೆ. ಪ್ರಕೃತಿಯಲ್ಲಿ ಗಾಳಿಯೂ ಓಝೋನೂ ಒಂದನ್ನೊಂದು ತಿದ್ದುತ್ತವೆ, ಕಡತಕ್ಕೆ ಗಾಳಿಯ ಸುದ್ದಿಯೇ ಮುಟ್ಟುವುದಿಲ್ಲ.

ಹಳೆಯ ಮಾದರಿಗಳ ಭವಿಷ್ಯವಾಣಿ ಇದರಿಂದ ಕೆಟ್ಟಿತ್ತೇ?

ಒಂದು ಮಟ್ಟಿಗೆ ಹೌದು. ಹವಾಗುಣ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2007ರ ವರದಿಗೆ ಆಧಾರವಾದ ಮಾದರಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಓಝೋನ್ ಸವೆತವೇ ಇರಲಿಲ್ಲ. ಸಿಯೋಕ್‌–ವೂ ಸನ್ ಮತ್ತು ಸಂಗಡಿಗರು 2008ರಲ್ಲಿ ರಸಾಯನ ಇರುವ ಮಾದರಿಗಳನ್ನು ಅವುಗಳ ಪಕ್ಕ ಇಟ್ಟು ನೋಡಿದರು. ಹಳೆಯವುಗಳ ಸರಾಸರಿ, ಬೇಸಿಗೆಯ ಜೆಟ್ ಧ್ರುವದ ಕಡೆಗೆ ಸರಿಯುತ್ತಲೇ ಹೋಗುತ್ತದೆ ಎನ್ನುತ್ತಿತ್ತು. ರಸಾಯನ ಇರುವವು, ಓಝೋನ್ ಚೇತರಿಸಿದಂತೆ ಆ ಚಲನೆ ನಿಂತು ಹಿಂದಕ್ಕೆ ತಿರುಗಬಹುದು ಎಂದವು. ಚಲನೆಯ ದಿಕ್ಕೇ ಬೇರೆ. ಮುಂದಿನ ತಲೆಮಾರಿನ ಮಾದರಿಗಳಲ್ಲಿ ಓಝೋನ್ ಬದಲಾವಣೆಯನ್ನು ಎಲ್ಲರೂ ಸೇರಿಸಿದರು.

ಈಗಿನ ಮಾದರಿಗಳು ಎಲ್ಲಿ ಎಡವುತ್ತವೆ?

ಮುಖ್ಯವಾಗಿ ಎರಡು ಕಡೆ. ಹಲವು ಮಾದರಿಗಳಲ್ಲಿ ಧ್ರುವದ ವಸಂತ ನಿಜಕ್ಕಿಂತ ತಂಪು, ಸುಳಿಗಾಳಿ ನಿಜಕ್ಕಿಂತ ತಡವಾಗಿ ಒಡೆಯುತ್ತದೆ. ಬೆಟ್ಟ, ಬಿರುಗಾಳಿಗಳಿಂದ ಮೇಲೇಳುವ ಸಣ್ಣ ಅಲೆಗಳು ಮಾದರಿಯ ಚೌಕಗಳಿಗಿಂತ ಚಿಕ್ಕವು. ಅವುಗಳ ಎಳೆತ 60 ಡಿಗ್ರಿ ದಕ್ಷಿಣದ ಸುತ್ತ ಸಾಕಷ್ಟು ಇಲ್ಲದಿರುವುದು ಒಂದು ಕಾರಣ. ಎರಡನೆಯದು, ಮಾದರಿಯ ಜೆಟ್ ಮೊದಲಿಗೇ ಸಮಭಾಜಕದ ಕಡೆಗೆ ತಪ್ಪಿ ನಿಂತಿರುವುದು. ಹಾಗೆ ನಿಂತ ಜೆಟ್ ಒಮ್ಮೆ ಅಲುಗಿದರೆ ತನ್ನ ಜಾಗಕ್ಕೆ ಬೇಗ ಮರಳುವುದಿಲ್ಲ.

ಸಮುದ್ರದ ಹಿಮಕ್ಕೂ ಇದಕ್ಕೂ ಸಂಬಂಧ ಉಂಟೇ?

ಉಂಟು, ಆದರೆ ಎರಡು ಹಂತದಲ್ಲಿ. ಬಲವಾದ ಪಶ್ಚಿಮ ಮಾರುತ ಮೇಲ್ಮೈಯ ತಣ್ಣೀರನ್ನು ಉತ್ತರಕ್ಕೆ ತಳ್ಳುತ್ತದೆ. ಮೊದಲ ಕೆಲವು ವರ್ಷ ಮೇಲ್ಮೈ ತಂಪಾಗಿ ಹಿಮ ಹರಡುತ್ತದೆ. ಹಾಗೆ ಸರಿದ ನೀರಿನ ಜಾಗಕ್ಕೆ ಆಳದಿಂದ ಹೆಚ್ಚು ಬೆಚ್ಚಗಿನ ನೀರು ಮೇಲೇಳುವುದರಿಂದ ಕಾಲ ಕಳೆದಂತೆ ಪರಿಣಾಮ ತಿರುಗುಮುರುಗಾಗುತ್ತದೆ. ಮೊದಲ ಹಂತ ಎಷ್ಟು ವರ್ಷ ಎಂಬುದರಲ್ಲಿ ಮಾದರಿಗಳ ನಡುವೆ ದೊಡ್ಡ ವ್ಯತ್ಯಾಸ. ಅಂಟಾರ್ಕ್ಟಿಕಾದ ಸಮುದ್ರ ಹಿಮ 2014ರ ತನಕ ನಿಧಾನವಾಗಿ ಹೆಚ್ಚಿ 2016ರಲ್ಲಿ ಥಟ್ಟನೆ ಕುಸಿಯಿತು. ಆ ಇಡೀ ಕಥೆಯನ್ನು ಓಝೋನ್ ಒಂದರ ತಲೆಗೆ ಕಟ್ಟುವುದು ಸರಿಯಲ್ಲ.

## ಈಗ, ಮುಂದೆ

ತೂತು ಮುಚ್ಚುತ್ತಿದೆ ಎನ್ನುತ್ತಾರೆ. ಗಾಳಿ ಹಳೆಯ ದಾರಿಗೆ ಮರಳುತ್ತದೆಯೇ?

ಸರಿಯುವುದಂತೂ ನಿಂತಿದೆ. ಅಂತರಾ ಬ್ಯಾನರ್ಜಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 2000ದ ತನಕ ಧ್ರುವದತ್ತ ಸರಿಯುತ್ತಿದ್ದ ಬೇಸಿಗೆಯ ಜೆಟ್ ಆಮೇಲೆ ಸರಿಯುವುದನ್ನು ನಿಲ್ಲಿಸಿತು. ಮಾದರಿಗಳಲ್ಲಿ ಕಾರಣಗಳನ್ನು ಬೇರ್ಪಡಿಸಿ ನೋಡಿದಾಗ, ಸಹಜ ಏರಿಳಿತದಿಂದ ಮಾತ್ರ ಇದು ಆಗಲಾರದು, ಸಿಎಫ್‌ಸಿಯಂಥ ಅನಿಲಗಳನ್ನು ನಿಷೇಧಿಸಿದ ಮಾಂಟ್ರಿಯಲ್ ಒಪ್ಪಂದದ ಫಲ ಇದು ಎಂದು ತಿಳಿಯಿತು. 1987ರಲ್ಲಿ ಸಹಿಯಾದ ಕಾಗದವೊಂದರ ಗುರುತು ಗಾಳಿಯಲ್ಲಿ ಕಾಣುತ್ತಿದೆ. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಡುವ ಸಂಗತಿ ಇದೇ.

ಪೂರ್ತಿ ಮರಳುವುದು ಇಂಗಾಲದ ಮೇಲೆ ನಿಂತಿದೆ. ಓಝೋನ್ ಚೇತರಿಕೆ ಜೆಟ್ಟನ್ನು ಸಮಭಾಜಕದ ಕಡೆಗೆ ಎಳೆಯುತ್ತದೆ, ಹಸಿರುಮನೆ ಅನಿಲ ಧ್ರುವದ ಕಡೆಗೆ. ಹೊರಸೂಸುವಿಕೆ ತಗ್ಗಿದರೆ ಬೇಸಿಗೆಯಲ್ಲಿ ಓಝೋನ್ ಗೆಲ್ಲಬಹುದು, ಏರುತ್ತಲೇ ಹೋದರೆ ಸೋಲುತ್ತದೆ. ಚಳಿಗಾಲದಲ್ಲಿ ಈ ಹಗ್ಗಜಗ್ಗಾಟವೇ ಇಲ್ಲ, ಅಲ್ಲಿ ಹಸಿರುಮನೆ ಅನಿಲಗಳದ್ದೇ ಕಾರುಬಾರು.

2019ರಲ್ಲಿ ತೂತು ಬಹಳ ಚಿಕ್ಕದಿತ್ತು. ಅದು ಒಪ್ಪಂದದಿಂದಲೇ?

ಅಲ್ಲ. ಆ ಸೆಪ್ಟೆಂಬರ್‌ನಲ್ಲಿ ಕೆಳಗಿನಿಂದ ಬಂದ ಬಲವಾದ ಅಲೆಗಳು ಸಮೋಷ್ಣ ಮಂಡಲವನ್ನು ಇದ್ದಕ್ಕಿದ್ದಂತೆ ಬೆಚ್ಚಗಾಗಿಸಿ ಸುಳಿಗಾಳಿಯನ್ನು ದುರ್ಬಲಗೊಳಿಸಿದವು, ಓಝೋನ್ ಉಳಿಯಿತು. ಪರಿಣಾಮ ಮಾಮೂಲಿನ ತಿರುವುಮುರುವು: ಪಶ್ಚಿಮ ಮಾರುತ ಸಮಭಾಜಕದ ಕಡೆಗೆ ಸರಿಯಿತು, ಪೂರ್ವ ಆಸ್ಟ್ರೇಲಿಯಾದ ಮೇಲೆ ಬಿಸಿ, ಒಣ ಗಾಳಿ ಬೀಸಿತು. ಹಿಂದೂ ಮಹಾಸಾಗರದ ಪೂರ್ವ–ಪಶ್ಚಿಮ ಭಾಗಗಳ ನೀರಿನ ಬಿಸಿ ಏರುಪೇರಾಗುವ ದ್ವಿಧ್ರುವ ಸ್ಥಿತಿಯೂ ಜೊತೆಗೂಡಿದ್ದರಿಂದ ಆ ವರ್ಷದ ಕಾಳ್ಗಿಚ್ಚುಗಳಿಗೆ ದಾರಿಯಾಯಿತು.

ಆಮೇಲೆ 2020ರಿಂದ 2022ರ ತನಕ ದೊಡ್ಡ ತೂತುಗಳು. ಹಾಗಾದರೆ ಒಪ್ಪಂದ ಸೋತಿತೇ?

ಇಲ್ಲ. ಕ್ಲೋರಿನ್ ಮಟ್ಟ ಇಳಿಯುತ್ತಲೇ ಇದೆ. ಒಂದೊಂದು ವರ್ಷದ ತೂತಿನ ಗಾತ್ರ ಆ ವರ್ಷದ ಚಳಿ, ಸುಳಿಗಾಳಿ, ಜ್ವಾಲಾಮುಖಿ ಮತ್ತು ಕಾಳ್ಗಿಚ್ಚಿನ ಕಣಗಳ ಮೇಲೆ ನಿಂತಿರುತ್ತದೆ. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ಪರಾಮರ್ಶೆಯಂತೆ ಅಂಟಾರ್ಕ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳುವುದು ಸುಮಾರು 2066ರಲ್ಲಿ. ಈಗಿನ ನೀತಿಗಳು ಮುಂದುವರಿದರೆ ಮಾತ್ರ ಈ ಲೆಕ್ಕ.

ಸಿಎಫ್‌ಸಿ ಹಸಿರುಮನೆ ಅನಿಲವೂ ಹೌದಂತೆ. ನಿಜವೇ?

ನಿಜ. 1975ರಲ್ಲಿ ಅದನ್ನು ತೋರಿಸಿಕೊಟ್ಟವರು ವೀರಭದ್ರನ್ ರಾಮನಾಥನ್. ಸಿಎಫ್‌ಸಿಯ ಒಂದು ಅಣು ಇಂಗಾಲದ ಡೈಆಕ್ಸೈಡ್‌ನ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳಷ್ಟು ಬಿಸಿ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುವ ಮೊದಲು ಅವರು ಸಿಕಂದರಾಬಾದಿನ ರೆಫ್ರಿಜರೇಟರ್ ಉದ್ಯಮದಲ್ಲಿ ಎಂಜಿನಿಯರ್ ಆಗಿದ್ದರು. ಫ್ರಿಜ್ಜಿನಿಂದ ಅನಿಲ ಸೋರುವುದನ್ನು ತಡೆಯುವುದೇ ಅಲ್ಲಿ ಅವರ ಕೆಲಸ. ಸಿಎಫ್‌ಸಿ ನಿಷೇಧ ಓಝೋನನ್ನು ಉಳಿಸುವುದರ ಜೊತೆಗೆ ಭೂಮಿ ಬಿಸಿಯೇರುವುದನ್ನೂ ಗಣನೀಯವಾಗಿ ತಡೆದಿದೆ. ಅದರ ಬದಲಿಗೆ ಬಂದ, ಕ್ಲೋರಿನ್ ಇಲ್ಲದ ಎಚ್‌ಎಫ್‌ಸಿ (ಹೈಡ್ರೋಫ್ಲೋರೋಕಾರ್ಬನ್) ಅನಿಲಗಳು ಓಝೋನ್‌ಗೆ ಹಾನಿ ಮಾಡದಿದ್ದರೂ ಬಿಸಿ ಹಿಡಿಯುವುದರಲ್ಲಿ ಹಿಂದೆ ಬಿದ್ದಿಲ್ಲ. ಮಾಂಟ್ರಿಯಲ್ ಒಪ್ಪಂದಕ್ಕೆ ಮಾಡಿದ 2016ರ ಕಿಗಾಲಿ ತಿದ್ದುಪಡಿ ಅವುಗಳನ್ನೂ ತಗ್ಗಿಸಲು ಹೊರಟಿದೆ, ಭಾರತ 2021ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಏಸಿಗೆ ಗ್ಯಾಸ್ ತುಂಬಿಸುವಾಗ ಹಳೆಯದನ್ನು ಸುಮ್ಮನೆ ಗಾಳಿಗೆ ಬಿಡುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಮಾದರಿಗಳ ದತ್ತಾಂಶ ಇಟ್ಟುಕೊಂಡು ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೊದಲು ಏನು ನೋಡಲಿ?

ಆ ಮಾದರಿ ರಸಾಯನ ಲೆಕ್ಕ ಹಾಕುತ್ತದೆಯೋ ಕಡತ ಓದುತ್ತದೆಯೋ ತಿಳಿದುಕೊಳ್ಳಿ. ವರ್ಷದ ಸರಾಸರಿ ಗಾಳಿಯನ್ನು ನೋಡಬೇಡಿ, ಬೇಸಿಗೆಯ ಪರಿಣಾಮ ಅದರಲ್ಲಿ ಕರಗಿಹೋಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯನ್ನು ಬೇರೆಯಾಗಿ ತೆಗೆಯಿರಿ. 2000ಕ್ಕೆ ಮುಂಚಿನದನ್ನೂ ಆಮೇಲಿನದನ್ನೂ ಒಂದೇ ನೇರ ಗೆರೆಯಲ್ಲಿ ಕೂರಿಸಬೇಡಿ, ಏಕೆಂದರೆ ಓಝೋನ್ ಅಲ್ಲಿ ದಿಕ್ಕು ಬದಲಿಸಿದೆ. ಒಂದೇ ಮಾದರಿಯ ಹಲವು ಓಟಗಳು ಸಿಕ್ಕರೆ ಎಲ್ಲವನ್ನೂ ಬಳಸಿ. ದಕ್ಷಿಣ ಗೋಳಾರ್ಧದ ಜೆಟ್ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಅಲುಗಾಡುವಂಥದು, ಒಂದೇ ಓಟದಲ್ಲಿ ಕಂಡ ಪ್ರವೃತ್ತಿ ಬರೀ ಆ ಅಲುಗಾಟವೇ ಇರಬಹುದು.